ಚೀನಾ ಕೇಳೋದಿಲ್ಲ ಅಂದಮೇಲೆ ಸಮುದ್ರದ ಕಾನೂನು ಯಾಕೆ?

ಮುಂಬೈಯ ಬಲ್ಲಾರ್ಡ್ ಎಸ್ಟೇಟಿನಲ್ಲಿ ಹಡಗುಗಳ ಕೇಸು ನೋಡುವ ಕಚೇರಿಯೊಂದರಲ್ಲಿ ನನ್ನ ಕೆಲಸ. ಮಾಟುಂಗಾದಲ್ಲಿ ಊರಿನವರು ಸಿಕ್ಕಿದರೆ, ಮದುವೆ ಊಟಕ್ಕೆ ಕೂತರೆ, ಕಡೆಗೆ ಬರುವ ಪ್ರಶ್ನೆ ಒಂದೇ: "ಅಲ್ಲ ಮಾರಾಯ್ರೆ, ಹೇಗ್‌ನಲ್ಲಿ ಚೀನಾ ವಿರುದ್ಧ ತೀರ್ಪು ಬಂತು. ಚೀನಾ ಕ್ಯಾರೇ ಅನ್ನಲಿಲ್ಲ. ಪೊಲೀಸರಿಲ್ಲದ ಕಾನೂನು ಕಟ್ಟಿಕೊಂಡು ಏನು ಮಾಡೋದು?" ಪ್ರಶ್ನೆ ಸರಿಯಾಗಿಯೇ ಇದೆ. ಊಟದ ಮಧ್ಯೆ ಉತ್ತರ ಹೇಳಿ ಮುಗಿಯೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ತೀರ್ಪಿನ ವಿಷಯ. ಫಿಲಿಪೈನ್ಸ್ ಕೇಸು ಹಾಕಿದ್ದು 2013ರಲ್ಲಿ, ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು ಬಂದದ್ದು 2016ರ ಜುಲೈ 12ಕ್ಕೆ. ದಕ್ಷಿಣ ಚೀನಾ ಸಮುದ್ರದ ದ್ವೀಪಗಳು ಯಾರವು ಅನ್ನುವುದನ್ನು ಅದು ಮುಟ್ಟಲೇ ಇಲ್ಲ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. 1982ರ ಸಮುದ್ರ ಕಾನೂನಿನ ಒಪ್ಪಂದ ನೆಲದ ಜಗಳ ಬಿಡಿಸುವುದಕ್ಕೆ ಇರುವುದಲ್ಲ. ನೆಲ ಇದ್ದವರಿಗೆ ನೀರು ಎಷ್ಟು ಅನ್ನುವುದಷ್ಟೇ ಅದರ ಲೆಕ್ಕ. ದಡದಿಂದ 12 ನಾಟಿಕಲ್ ಮೈಲಿ ತನಕ ನಿಮ್ಮ ಸ್ವಂತ ಸಮುದ್ರ. 200 ಮೈಲಿ ತನಕ ಮೀನು, ತೈಲ, ಗ್ಯಾಸಿನ ಹಕ್ಕು ನಿಮ್ಮದು, ಆದರೆ ಅಲ್ಲಿ ಎಲ್ಲರ ಹಡಗೂ ಓಡಾಡಬಹುದು. ಜನ ಬದುಕಲಾಗದ ಬಂಡೆಗೆ 12 ಮಾತ್ರ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತಲೆ ಎತ್ತುವ ದಿಬ್ಬಕ್ಕೆ ಅದರದ್ದೇ ಅಂತ ಸಮುದ್ರವೇ ಇಲ್ಲ, ಅದರ ಮೇಲೆ ಮಣ್ಣು ಸುರಿದು ರನ್‌ವೇ ಕಟ್ಟಿದರೂ ಇಲ್ಲ. ಚೀನಾ ಹಾಗೆ ಕಟ್ಟಿದ ಮಿಸ್ಚೀಫ್ ರೀಫ್ ಅಂಥದೇ ದಿಬ್ಬ, ಅದು ಇರುವುದು ಫಿಲಿಪೈನ್ಸಿನ 200 ಮೈಲಿಯೊಳಗೆ ಅಂತ ನ್ಯಾಯಮಂಡಳಿ ಹೇಳಿತು. ನಕ್ಷೆಯಲ್ಲಿ ಒಂಬತ್ತು ಗೀಟು ಎಳೆದು ಒಳಗಿನದ್ದೆಲ್ಲ ಹಳೇ ಕಾಲದಿಂದ ನಮ್ಮದು ಅನ್ನುವ ಚೀನಾದ ವಾದಕ್ಕೆ ಕಾನೂನಿನ ಆಧಾರ ಇಲ್ಲ ಅಂತಲೂ ಹೇಳಿತು.

ಚೀನಾ ವಿಚಾರಣೆಗೆ ಬರಲಿಲ್ಲ, ತೀರ್ಪನ್ನೂ ಒಪ್ಪಲಿಲ್ಲ. ಇವತ್ತಿಗೂ ಅದರ ಕೋಸ್ಟ್ ಗಾರ್ಡ್ ಹಡಗುಗಳು ಫಿಲಿಪೈನ್ಸಿನ ದೋಣಿಗಳಿಗೆ ನೀರಿನ ಫಿರಂಗಿ ಹೊಡೆಯುತ್ತವೆ. 2024ರ ಜೂನ್‌ನಲ್ಲಿ ನಡೆದ ಜಟಾಪಟಿಯಲ್ಲಿ ಫಿಲಿಪೈನ್ಸಿನ ನಾವಿಕನೊಬ್ಬ ಹೆಬ್ಬೆರಳು ಕಳೆದುಕೊಂಡ. ಇದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ.

ಆದರೆ ಇದೊಂದೇ ಕೇಸು ನೋಡಿ ಇಡೀ ಕಾನೂನು ಸುಳ್ಳು ಅನ್ನುವವರಿಗೆ ನಾನು ಬಂಗಾಳ ಕೊಲ್ಲಿ ನೋಡಿ ಅನ್ನುತ್ತೇನೆ. ಅಲ್ಲಿ ಕಟಕಟೆಯಲ್ಲಿ ನಿಂತದ್ದು ನಾವೇ. 1970ರ ಭೋಲಾ ಚಂಡಮಾರುತದ ನಂತರ ಹರಿಭಂಗಾ ನದಿಯ ಬಾಯಲ್ಲಿ ಒಂದು ಮರಳಿನ ದ್ವೀಪ ಎದ್ದಿತು. ನಾವು ನ್ಯೂ ಮೂರ್ ಅಂದೆವು, ಬಾಂಗ್ಲಾದೇಶದವರು ದಕ್ಷಿಣ ತಲಪಟ್ಟಿ ಅಂದರು. 1981ರಲ್ಲಿ ನಮ್ಮವರು ಹೋಗಿ ಬಾವುಟ ನೆಟ್ಟರು. ಎರಡೂ ಕಡೆ ಹಡಗು ಬಂದು ನಿಂತವು. ಆಮೇಲೆ ಆ ದ್ವೀಪ ನೀರಿನಲ್ಲಿ ಮುಳುಗಿಯೇ ಹೋಯಿತು, ಜಗಳ ಮಾತ್ರ ಉಳಿಯಿತು. ಗಡಿ ಗೊತ್ತಿಲ್ಲದ ಸಮುದ್ರದಲ್ಲಿ ಗ್ಯಾಸ್ ಹುಡುಕುವುದಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತದೆ ಹೇಳಿ?

2009ರಲ್ಲಿ ಬಾಂಗ್ಲಾದೇಶ ಅದೇ 1982ರ ಒಪ್ಪಂದದಡಿ ಕೇಸು ಹಾಕಿತು. 2014ರ ಜುಲೈ 7ಕ್ಕೆ ತೀರ್ಪು ಬಂತು. ವಿವಾದದಲ್ಲಿದ್ದ ಸುಮಾರು 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಅಂದರೆ ಮುಕ್ಕಾಲು ಪಾಲು ಅವರಿಗೆ. ನಮ್ಮ ನೌಕಾಪಡೆಯ ಎದುರು ಅವರದ್ದು ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತು. ಭಾರತ ಬೇಕಿದ್ದರೆ ಚೀನಾದ ಹಾಗೇ ಆಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಆಡಲಿಲ್ಲ. ತೀರ್ಪನ್ನು ಒಪ್ಪಿಕೊಂಡಿತು. ಅವತ್ತಿನಿಂದ ಆ ಗೆರೆಯ ಬಗ್ಗೆ ಗಲಾಟೆ ಇಲ್ಲ. ನನ್ನ ಮಟ್ಟಿಗೆ ನಮ್ಮ ದೇಶ ಸಮುದ್ರದಲ್ಲಿ ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಸೋತೆವು ಅಂತ ಬರೆದವರು ಇದ್ದಾರೆ, ನಾನು ಹಾಗೆ ನೋಡುವುದಿಲ್ಲ. 2023ರಲ್ಲಿ ಭಾರತ ಫಿಲಿಪೈನ್ಸ್ ಜೊತೆ ನಿಂತು 2016ರ ತೀರ್ಪನ್ನು ಪಾಲಿಸಬೇಕು ಅಂತ ಹೇಳಿದಾಗ ಆ ಮಾತಿಗೆ ತೂಕ ಬಂದದ್ದು ಇದರಿಂದಲೇ.

ಈಗ ಗೆರೆ ಇಲ್ಲದ ಕಡೆ ಏನಾಗುತ್ತದೆ ನೋಡಿ. ಗುಜರಾತಿನ ಕಛ್‌ಗೂ ಪಾಕಿಸ್ತಾನದ ಸಿಂಧ್‌ಗೂ ನಡುವಿನ ಸರ್ ಕ್ರೀಕ್. 96 ಕಿಲೋಮೀಟರಿನ ಕೆಸರು ನೀರಿನ ಕಾಲುವೆ. ಈ ಜಗಳದ ಮೂಲ ಕಾಗದ ಹೊರಟದ್ದು ಮುಂಬೈಯಿಂದಲೇ. ಆಗ ಸಿಂಧ್ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಸಿಂಧ್‌ಗೂ ಕಛ್‌ನ ಅರಸ ರಾವ್‌ಗೂ ತಕರಾರು ಎದ್ದು 1914ರಲ್ಲಿ ಬಾಂಬೆ ಸರ್ಕಾರ ಒಂದು ನಿರ್ಣಯ ಮಾಡಿತು, ಜೊತೆಗೆ ಒಂದು ನಕ್ಷೆ. ಆ ನಕ್ಷೆಯ ಹಸಿರು ಗೆರೆ ಕಾಲುವೆಯ ಪೂರ್ವ ದಡದಲ್ಲಿದೆ, ಅದೇ ಗಡಿ ಅಂತ ಪಾಕಿಸ್ತಾನ. ದೋಣಿ ಓಡುವ ಕಾಲುವೆಗೆ ನಡು ನೀರೇ ಗಡಿ, 1925ರ ನಕ್ಷೆಯಲ್ಲೂ ಹಾಗೇ ಇದೆ ಅಂತ ನಾವು. ಆ ಕೆಸರಿನಲ್ಲಿ ಏನಿದೆ ಅಂತ ಕೇಳಬೇಡಿ. ಕಾಲುವೆಯ ಬಾಯಲ್ಲಿ ಗಡಿಯ ಕೊನೆ ಎಲ್ಲಿ ಬೀಳುತ್ತದೋ ಅಲ್ಲಿಂದಲೇ ಸಮುದ್ರದ ಗೆರೆ ಶುರು. ಬಾಯಲ್ಲಿ ಸ್ವಲ್ಪ ಆಚೀಚೆ ಆದರೆ ದೂರ ಹೋದ ಹಾಗೆ ಸಾವಿರಾರು ಚದರ ಕಿಲೋಮೀಟರಿನ ವ್ಯತ್ಯಾಸ. 2007ರಲ್ಲಿ ಎರಡೂ ದೇಶ ಸೇರಿ ಸರ್ವೆ ಮಾಡಿದವು. ಗಡಿ ಮಾತ್ರ ತೀರ್ಮಾನ ಆಗಲಿಲ್ಲ.

ಇದಕ್ಕೆ ಬೆಲೆ ಕೊಡುವವರು ಓಖಾ, ಪೋರ್‌ಬಂದರಿನ ಬೋಟಿನಲ್ಲಿ ದುಡಿಯುವ ಖಲಾಸಿಗಳು. ಗುಜರಾತಿನವರಷ್ಟೇ ಅಲ್ಲ, ನಮ್ಮ ಪಕ್ಕದ ಪಾಲ್ಘರ್, ಡಹಾಣು ಕಡೆಯ ಬಡ ಹುಡುಗರೂ ಆ ಬೋಟು ಹತ್ತುತ್ತಾರೆ. ಮೀನಿನ ಹಿಂದೆ ಹೋಗುತ್ತಾ ಗೆರೆ ದಾಟಿದರು ಅಂತ ಹಿಡಿದು ಕರಾಚಿಯ ಜೈಲಿಗೆ ಹಾಕುತ್ತಾರೆ. ಪಾಕಿಸ್ತಾನದ ಮೀನುಗಾರರನ್ನು ನಾವೂ ಹಿಡಿಯುತ್ತೇವೆ. ವರ್ಷಕ್ಕೆ ಎರಡು ಸಲ, ಜನವರಿ 1ಕ್ಕೆ ಮತ್ತು ಜುಲೈ 1ಕ್ಕೆ, ಎರಡೂ ಸರ್ಕಾರಗಳು ಕೈದಿಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಪಾಕಿಸ್ತಾನ ಕೊಡುವ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೀನುಗಾರರೇ.

ನನಗೆ ಸಿಟ್ಟು ಬರುವುದು ಇಲ್ಲಿ. ಅದೇ 1982ರ ಒಪ್ಪಂದದ 73ನೇ ವಿಧಿ ಓದಿ. 200 ಮೈಲಿಯ ವಲಯದಲ್ಲಿ ಮೀನುಗಾರಿಕೆ ನಿಯಮ ಮುರಿದವರನ್ನು, ಎರಡು ದೇಶಗಳು ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ, ಜೈಲಿಗೆ ಹಾಕುವ ಹಾಗಿಲ್ಲ. ತಕ್ಕ ಜಾಮೀನು ಕೊಟ್ಟರೆ ಬೋಟು, ಜನ ಎರಡನ್ನೂ ಬೇಗ ಬಿಡಬೇಕು. ಭಾರತ ಈ ಒಪ್ಪಂದಕ್ಕೆ 1995ರಲ್ಲಿ ಸೇರಿತು, ಪಾಕಿಸ್ತಾನ 1997ರಲ್ಲಿ. ಕಾನೂನು ಹೇಳಬೇಕಾದ್ದನ್ನು ಹೇಳಿದೆ, ಪಾಲಿಸಬೇಕಾದ್ದು ಸರ್ಕಾರಗಳು. ಅದಕ್ಕೇ "ಸಮುದ್ರದ ಕಾನೂನಿಂದ ಏನು ಉಪಯೋಗ" ಅಂತ ಕೇಳಿದವರಿಗೆ ಚೀನಾದ ಮಾತು ಬಿಟ್ಟು ನಾನು ಈ ವಿಧಿಯನ್ನೇ ತೋರಿಸುವುದು. ವಾದ ಮಾಡುವುದಕ್ಕೆ ಕೈಯಲ್ಲಿ ಒಂದು ಬರಹ ಇದೆ, ಇವರು ಸಹಿ ಹಾಕಿದ್ದಾರೆ ಅಂತ ಹೇಳಬಹುದು. ಅದೂ ಇಲ್ಲದಿದ್ದರೆ ಖಲಾಸಿಯ ಹೆಂಡತಿ ಯಾವ ಮಾತು ಹಿಡಿದು ಕೇಳಬೇಕು?

ಅಮೆರಿಕದ ವಿಷಯವನ್ನೂ ಕೇಳುತ್ತಾರೆ. ಹೌದು, ಅದು ಈ ಒಪ್ಪಂದಕ್ಕೆ ಸೇರಿಯೇ ಇಲ್ಲ, ಆದರೂ ಬೇರೆಯವರಿಗೆ ಪಾಠ ಹೇಳುತ್ತದೆ. 2021ರ ಏಪ್ರಿಲ್‌ನಲ್ಲಿ ಲಕ್ಷದ್ವೀಪದ ಪಶ್ಚಿಮಕ್ಕೆ ನಮ್ಮ 200 ಮೈಲಿಯೊಳಗೆ ಯುದ್ಧನೌಕೆ ಓಡಿಸಿ ಅದನ್ನು ಸಾರಿಯೂ ಹೇಳಿತು. ಬೇರೆಯವರ ಸೇನೆ ಅಲ್ಲಿ ಕವಾಯತು ಮಾಡಬೇಕಾದರೆ ನಮ್ಮನ್ನು ಕೇಳಬೇಕು ಅನ್ನುವುದು ನಮ್ಮ ವಾದ, ಬೇಕಿಲ್ಲ ಅನ್ನುವುದು ಅವರದ್ದು. ಹಡಗು ಸುಮ್ನೆ ಹಾದು ಹೋಗುವುದರ ಮಟ್ಟಿಗೆ ಅವರ ವಾದಕ್ಕೇ ಬಲ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಬೈದರೂ ಪರವಾಗಿಲ್ಲ.

ಇನ್ನೊಂದು ಪ್ರಶ್ನೆ: ಸರ್ ಕ್ರೀಕನ್ನೂ ಹೇಗ್‌ಗೆ ಒಯ್ಯಬಾರದಾ? ನಾವು ಮೂರನೆಯವರು ಬೇಡ ಅನ್ನುತ್ತೇವೆ. ಆ ನಿಲುವು ಬದಲಾಗುವ ತನಕವೂ ಮಾಡುವುದಕ್ಕೆ ಕೆಲಸ ಇದೆ. ಗಡಿ ತೀರ್ಮಾನ ಆಗುವ ತನಕ ಎರಡೂ ಕಡೆಯವರು ತಾತ್ಕಾಲಿಕ ಏರ್ಪಾಡು ಮಾಡಿಕೊಳ್ಳಲು ಪ್ರಯತ್ನ ಪಡಬೇಕು ಅಂತ 74ನೇ ವಿಧಿ ಹೇಳುತ್ತದೆ, ಅದರಿಂದ ಯಾರ ಹಕ್ಕಿಗೂ ಕುಂದಿಲ್ಲ ಅಂತಲೂ ಹೇಳುತ್ತದೆ. ಇಷ್ಟು ಮೈಲಿ ಅಗಲದ ಪಟ್ಟಿಯಲ್ಲಿ ಮೀನುಗಾರರನ್ನು ಹಿಡಿಯುವುದಿಲ್ಲ, ಎಚ್ಚರಿಸಿ ವಾಪಸ್ ಕಳಿಸುತ್ತೇವೆ ಅಂತ ಎರಡು ದೇಶ ಒಪ್ಪಿದರೆ ಸಾಕು. ಉಪಗ್ರಹದ ಮೂಲಕ ಸಂದೇಶ ಕಳಿಸುವ, ಇಸ್ರೋ ಮಾಡಿದ ಟ್ರಾನ್ಸ್‌ಪಾಂಡರುಗಳನ್ನು ಬೋಟುಗಳಿಗೆ ಹಾಕುವ ಕೆಲಸ ನಡೆದಿದೆ, ಗಡಿ ಹತ್ತಿರ ಬಂತು ಅಂತ ಬೋಟು ನಡೆಸುವ ತಾಂಡೇಲನಿಗೆ ಅದರಲ್ಲೇ ತಿಳಿಸಬಹುದು. ಸರ್ ಕ್ರೀಕ್ ಯಾರದ್ದು ಅನ್ನುವ ವಾದ ಅದರ ಪಾಡಿಗೆ ನಡೆಯಲಿ.