ಗುಂಡು ತಲೆ ಕೊನೆಗೂ ತಿರುಗುತ್ತಿದೆ

ಹುಡುಗನ ತಲೆ ಈಗ ನಾನು ಬಯಸಿದ ಹಾಗೆ ತಿರುಗುತ್ತಿದೆ. ಬ್ಲೆಂಡರ್ ಎಂಬ ತ್ರೀಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿರುವ ಈ ಚಿಕ್ಕ ದೃಶ್ಯಕ್ಕೆ ಮಾದರಿ 2015ರ ಅನಿಮೇಷನ್ ಸಿನಿಮಾ ‘ದಿ ಪೀನಟ್ಸ್ ಮೂವಿ’. ಹುಡುಗ ನನ್ನದೇ ಪಾತ್ರ, ಪಾಠ ಮಾತ್ರ ಪೂರ್ತಿ ಆ ಸಿನಿಮಾದ ಹುಡುಗ ಚಾರ್ಲಿ ಬ್ರೌನ್‌ನಿಂದ ಕಲಿತದ್ದು. ಪಾತ್ರ ತ್ರೀಡಿಗೆ ಬಂದರೂ ಪೆನ್ನಿನ ಗೆರೆ ಹಾಗೇ ಉಳಿಯಬೇಕು. ಗುರಿ ಇಷ್ಟೇ.

ಈ ಪಾತ್ರಗಳು ಹುಟ್ಟಿದ್ದು ‘ಪೀನಟ್ಸ್’ ಎಂಬ ಪತ್ರಿಕೆಯ ಕಾಮಿಕ್ ಸ್ಟ್ರಿಪ್‌ನಲ್ಲಿ. ಅದರ ಚಿತ್ರಕಾರ ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ 17,897 ಸ್ಟ್ರಿಪ್ ಬರೆದರು, ಎಲ್ಲವೂ ಅವರದೇ ಕೈಯಿಂದ. ಎಸ್ಟರ್‌ಬ್ರೂಕ್ ಕಂಪನಿಯ 914 ಎಂಬ ಪೆನ್ನಿನ ನಿಬ್ ಅಂದರೆ ಅವರಿಗೆ ಪ್ರಾಣ. ಕಂಪನಿ ಮುಚ್ಚುತ್ತದೆ ಅಂತ ಗೊತ್ತಾದಾಗ ಉಳಿದ ದಾಸ್ತಾನನ್ನೇ ಕೊಂಡಿಟ್ಟುಕೊಂಡರು. ಒತ್ತಿದರೆ ದಪ್ಪ, ಸಡಿಲ ಬಿಟ್ಟರೆ ತೆಳು. ಆ ಗೆರೆಯೇ ಈ ಮಕ್ಕಳ ಮುಖ.

1969ರಲ್ಲಿ ಅನಿಮೇಷನ್ ನಿರ್ದೇಶಕ ಬಿಲ್ ಮೆಲೆಂಡೆಜ್ ಈ ಮಕ್ಕಳನ್ನು ಮೊದಲ ಸಲ ಪೂರ್ಣ ಪ್ರಮಾಣದ ಸಿನಿಮಾಕ್ಕೆ ತಂದಾಗ ಅದೂ ಕೈಯಿಂದ ಬರೆದ ಚಿತ್ರಗಳೇ, ಹಾಗಾಗಿ ಗೆರೆ ಗೆರೆಯಾಗೇ ಉಳಿಯಿತು. 2015ರ ಸಿನಿಮಾವನ್ನು ತ್ರೀಡಿಯಲ್ಲಿ ಮಾಡಿದ ಬ್ಲೂ ಸ್ಕೈ ಸ್ಟುಡಿಯೋದ ನಿರ್ದೇಶಕ ಸ್ಟೀವ್ ಮಾರ್ಟಿನೋ ತಂಡದ ಕಷ್ಟ ಬೇರೆ ಥರದ್ದು. ಶುಲ್ಜ್ ತಮ್ಮ ಪಾತ್ರಗಳನ್ನು ಕೆಲವೇ ಕೋನಗಳಿಂದ ಬರೆದವರು. ಮುಕ್ಕಾಲು ಮುಖದ ಮೂಗು ಒಂದು ಕಡೆ, ಪಕ್ಕದಿಂದ ನೋಡಿದಾಗಿನ ಮೂಗು ಇನ್ನೊಂದು ಕಡೆ. ಎರಡೂ ನೋಡಲು ಸರಿ, ಆದರೆ ಎರಡೂ ಒಂದೇ ತಲೆಯ ಮೇಲೆ ಕೂರುವುದಿಲ್ಲ.

ನನ್ನ ಹುಡುಗನದೂ ಇದೇ ಗೋಳು. ಅದಕ್ಕೇ ಒಂದೇ ಮುಖ ಮಾಡುವ ಆಸೆ ಬಿಟ್ಟೆ. ಕಣ್ಣು, ಹುಬ್ಬು, ಬಾಯಿ ಈಗ ಗ್ರೀಸ್ ಪೆನ್ಸಿಲ್ (ಬ್ಲೆಂಡರ್ ಒಳಗೇ ಗೆರೆ ಎಳೆಯುವ ಸಾಧನ) ಗೆರೆಗಳು, ಶ್ರಿಂಕ್‌ರ‍್ಯಾಪ್‌ನಿಂದ ತಲೆಗೆ ಅಂಟಿಕೊಂಡಿವೆ. ಎಡ, ಬಲ, ಎರಡು ಮುಕ್ಕಾಲು ಮುಖ, ಹೀಗೆ ಪ್ರತಿ ಕೋನಕ್ಕೂ ಬೇರೆ ಆಕಾರ. ತಲೆಯ ಮೂಳೆ (ಪಾತ್ರವನ್ನು ಆಡಿಸಲು ಒಳಗೆ ಹಾಕುವ ಕೀಲು) ಎಷ್ಟು ತಿರುಗಿದೆ ಅಂತ ನೋಡಿ, ಡ್ರೈವರ್ ಎಂಬ ಸೌಲಭ್ಯ ಯಾವ ಆಕಾರ ಬೇಕೋ ಅದನ್ನು ತರುತ್ತದೆ. ಒಂದು ಕೋನದಿಂದ ಇನ್ನೊಂದಕ್ಕೆ ನಿಧಾನವಾಗಿ ಕರಗಿದರೆ ಮೂಗು ಕೆನ್ನೆಯ ಮೇಲೆ ಜಾರಿದಂತೆ ಕಾಣುತ್ತದೆ, ಅಸಹ್ಯ. ನಡುವೆ ಒಂದೇ ಒಂದು ಚಿತ್ರ ಇಟ್ಟು, ಆಗಲೇ ಕಣ್ಣು ಮುಚ್ಚಿಸಿದೆ. ಟಕ್ ಅಂತ ತಿರುಗಿತು. ನೋಡಿ ಎಷ್ಟು ಖುಷಿಯಾಯಿತು ಅಂದರೆ, ಅದನ್ನೇ ಮತ್ತೆ ಮತ್ತೆ ಓಡಿಸುತ್ತಾ ಕೂತೆ.

ಇನ್ನು ಚಲನೆ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಆ ಸಿನಿಮಾದಲ್ಲಿ ಪಾತ್ರಗಳ ಭಂಗಿ ಎರಡೆರಡು ಫ್ರೇಮಿಗೊಮ್ಮೆ ಬದಲಾಗುತ್ತದೆ, ಅಂದರೆ ಸೆಕೆಂಡಿಗೆ 12. ಹಳೆಯ ಟೀವಿ ಕಾರ್ಟೂನಿನ ಲಯ ಅದು. ವೇಗ ತೋರಿಸಲು ಮಸುಕು ಮಾಡಿಲ್ಲ. ಕೈಕಾಲನ್ನು ಒಂದೇ ಚಿತ್ರದಲ್ಲಿ ಹಲವು ಸಲ ತೋರಿಸಿ, ಪೆನ್ನಿನ ಗೀಟು ಎಳೆದಿದ್ದಾರೆ. ನಾನೂ ಮೋಷನ್ ಬ್ಲರ್ (ಆ ಮಸುಕು) ಆಫ್ ಮಾಡಿ, ಭಂಗಿಯನ್ನು ಇಷ್ಟು ಫ್ರೇಮ್ ಹಾಗೇ ಹಿಡಿದಿಡುವ ಸ್ಟೆಪ್ಡ್ ಇಂಟರ್‌ಪೋಲೇಷನ್‌ನಲ್ಲಿ 2 ಇಟ್ಟೆ. ಹುಡುಗ ಚೆನ್ನಾಗೇ ನಡೆದ. ಆದರೆ ಕ್ಯಾಮೆರಾ ಮಾತ್ರ ನಯವಾಗಿ ಅವನ ಹಿಂದೆ ಹೋದರೆ ಅವನು ನಿಂತಲ್ಲೇ ನಡುಗಿದಂತೆ ಕಾಣುತ್ತಾನೆ! ಕ್ಯಾಮೆರಾ ಪ್ರತಿ ಫ್ರೇಮ್ ಸರಿಯುತ್ತದೆ, ಅವನು ಒಂದು ಬಿಟ್ಟು ಒಂದಕ್ಕೆ ಸರಿಯುತ್ತಾನೆ, ಅದಕ್ಕೇ ಈ ನಡುಕ. ಸದ್ಯ ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿದ್ದೇನೆ. ಸ್ಟ್ರಿಪ್‌ನ ಚೌಕಕ್ಕೂ ಅದೇ ಹೊಂದುತ್ತದೆ ಅಲ್ವಾ?

ಕೈ ಇನ್ನೂ ಬಾಕಿ. ಇಂಥ ದೊಡ್ಡ ತಲೆಗೆ ಇಷ್ಟು ಮೋಟು ಕೈ ಎಟುಕುವುದೇ ಇಲ್ಲ, ತಲೆ ಕೆರೆದುಕೊಳ್ಳಬೇಕಾದರೆ ಕೈ ಉದ್ದವಾಗಲೇಬೇಕು. ಎಳೆದರೆ ಹಿಗ್ಗುವ ಮೂಳೆ ಹಾಕಿ ನೋಡುತ್ತಿದ್ದೇನೆ. ತೋಳು ಹಿಗ್ಗಿದ್ದು ನೋಡುವವರಿಗೆ ಗೊತ್ತಾಗಬಾರದು.

ಈ ಸಿನಿಮಾದಲ್ಲಿ ನನಗೆ ತುಂಬಾ ಹಿಡಿಸಿದ್ದು ಹಳೆಯದನ್ನು ಅವರು ಉಳಿಸಿಕೊಂಡ ರೀತಿ. ಮೆಲೆಂಡೆಜ್ ತೀರಿಕೊಂಡದ್ದು 2008ರಲ್ಲಿ. ಆದರೂ ನಾಯಿ ಸ್ನೂಪಿ, ಹಕ್ಕಿ ವುಡ್‌ಸ್ಟಾಕ್ ಇಬ್ಬರಿಗೂ ಅವರದೇ ಹಳೆಯ ಧ್ವನಿಮುದ್ರಣ ಬಳಸಿದರು. ಬರೆದವರಲ್ಲಿ ಶುಲ್ಜ್ ಮಗ ಮತ್ತು ಮೊಮ್ಮಗ ಇದ್ದರು. ಹಳೆಯ ಕಾರ್ಟೂನುಗಳ ಹಾಗೆ ದೊಡ್ಡವರ ಮಾತು ಇಲ್ಲೂ ಟ್ರೊಂಬೋನ್ (ಊದುವ ಹಿತ್ತಾಳೆ ವಾದ್ಯ) ಸದ್ದೇ, ನುಡಿಸಿದ್ದು ಟ್ರೊಂಬೋನ್ ಶಾರ್ಟಿ ಎಂಬ ಸಂಗೀತಗಾರ.

ನನ್ನ ದೃಶ್ಯದಲ್ಲೂ ಒಬ್ಬ ಮೇಷ್ಟ್ರು ಬರುತ್ತಾರೆ. ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಟ್ರೊಂಬೋನ್ ನುಡಿಸುವ ಒಬ್ಬರು ಪರಿಚಯವಿದ್ದಾರೆ, ಅವರನ್ನೇ ಕೇಳಿದ್ದೇನೆ. ತೋಳಿನ ಕೆಲಸ ಮುಗಿದ ಮೇಲೆ ರೆಕಾರ್ಡಿಂಗ್.