ಕೆಳಗೆ ಅಳೆದ್ಯಾ?

12 ಜನವರಿ 2025, ಭಾನುವಾರ ರಾತ್ರಿ

ಇವತ್ತು ದೋಣಿಯ ಇಂಜಿನ್ನಿಗೆ ಎರಡೂ ಪಿಸ್ಟನ್ ಕೂರಿಸಿಯೇಬಿಡಬೇಕು ಅಂತ ಶೆಡ್ಡಿಗೆ ಹೋದವನು, ಎರಡನ್ನೂ ಬೆಂಚಿನ ಮೇಲೆ ಬಟ್ಟೆ ಮುಚ್ಚಿಟ್ಟು ಬಂದಿದ್ದೇನೆ. ಕೈಯಲ್ಲಿ ಇನ್ನೂ ಡೀಸೆಲ್ ವಾಸನೆ.

ಪಿಸ್ಟನ್ ಸುತ್ತ ಕೂರುವ ಹೊಸ ರಿಂಗಿನ ಗ್ಯಾಪ್, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಅಳೆದಾಗಿತ್ತು. ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಮೇಲ್ಭಾಗದಲ್ಲಿ ರಿಂಗ್ ಇಟ್ಟು, ಫೀಲರ್ ಗೇಜಿನ ಅಳತೆಯ ತೆಳು ಎಲೆ ತೂರಿಸಿದರೆ 0.40 ಮಿ.ಮೀ. ಈ ಇಂಜಿನ್ನಿನ ಪುಸ್ತಕದಲ್ಲಿ ಕನಿಷ್ಠ 0.30 ಅಂತಿದೆ. ಸಾಕಲ್ವಾ? ಖುಷಿಯಲ್ಲಿ ಆಯಿಲ್ ಡಬ್ಬಿ ಎತ್ತಿಕೊಂಡೆ. ಅಷ್ಟರಲ್ಲಿ ಚಿಕ್ಕಪ್ಪ ಬಂದರು.

"ಕೆಳಗೆ ಅಳೆದ್ಯಾ?"

"ಮೇಲೆ ಸರಿಯಾಗಿದೆ ಚಿಕ್ಕಪ್ಪ."

"ನಾನು ಕೇಳಿದ್ದು ಕೆಳಗೆ."

ಪಿಸ್ಟನ್ ತಲೆಕೆಳಗು ಮಾಡಿ, ಅದರಿಂದಲೇ ರಿಂಗನ್ನು ಓರೆಯಾಗದಂತೆ ಕೆಳಕ್ಕೆ ತಳ್ಳಿದೆ, ಅದು ಓಡಾಡುವ ಜಾಗದ ಕೊನೆಯವರೆಗೂ. 0.30ರ ಎಲೆ ಹೋಗಲಿಲ್ಲ. 0.25 ಕೂಡ ಹೋಗಲಿಲ್ಲ. 0.20 ಬಿಗಿಯಾಗಿ ಹೋಯಿತು. ಹೊಟ್ಟೆಯೊಳಗೆ ಒಂಥರಾ ಆಯಿತು.

ಬೆಂಕಿ, ಒತ್ತಡ ಎಲ್ಲ ಮೇಲ್ಗಡೆಯೇ. ಅಲ್ಲಿ ಆಯಿಲ್ ಕೂಡ ಕಮ್ಮಿ. ಹಾಗಾಗಿ ಬೋರ್ ಸವೆಯುವುದು ಮೇಲೇ ಜಾಸ್ತಿ. ಬೋರಿನ ಅಗಲ ಒಂದು ಪಾಲು ಹೆಚ್ಚಿದರೆ ರಿಂಗಿನ ಬಾಯಿ ಮೂರು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ತೆರೆಯುತ್ತದೆ. ಲೆಕ್ಕ ಹಾಕಿದರೆ ಮೇಲೆ ಸುಮಾರು 0.06 ಮಿ.ಮೀ. ಸವೆದಿದೆ. ಕಣ್ಣಿಗೆ ಕಾಣುವುದೇ ಇಲ್ಲ.

"ಬಿಸಿಯಾದರೆ ರಿಂಗ್ ಹಿಗ್ಗುತ್ತೆ. ಕೆಳಗೆ ಬಂದಾಗ ತುದಿಗೆ ತುದಿ ಮುಟ್ಟಿಕೊಂಡರೆ ಬೋರ್ ಗೀರುತ್ತೆ, ಇಲ್ಲಾ ರಿಂಗೇ ಮುರಿಯುತ್ತೆ. ಗಾಡಿಯಾದರೆ ಪಕ್ಕಕ್ಕೆ ನಿಲ್ಲಿಸಬಹುದು. ನೀರಿನ ಮೇಲೆ ಎಲ್ಲಿ ನಿಲ್ಲಿಸ್ತೀಯ?"

ನಾನು ಏನೂ ಹೇಳಲಿಲ್ಲ. ಚಿಕ್ಕಪ್ಪ ಐದು ನಿಮಿಷ ತಡವಾಗಿ ಬಂದಿದ್ದರೆ?

ಸಂಜೆ ಸುಮ್ನೆ ಕೂರಲಾಗದೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಉಜ್ಜುತ್ತಿದ್ದೆ. ಮಸಿ ಹೋದ ಮೇಲೆ ಒಂದು ರಾಡ್ ಮೇಲೆ ಒಂದು ಚುಕ್ಕೆ ಕಂಡಿತು, ಅದರ ತುದಿಗೆ ಬೋಲ್ಟ್ ಹಾಕಿ ಕೂರಿಸುವ ಕ್ಯಾಪ್ ಮೇಲೂ ಒಂದು. ಇನ್ನೊಂದರಲ್ಲಿ ಎರಡೆರಡು. ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಎರಡನೇ ಚುಕ್ಕೆ ಸ್ವಲ್ಪ ಜಾರಿ, ಬಾಲ ಬಿಟ್ಟಿದೆ. ಕಾರ್ಖಾನೆಯದ್ದಲ್ಲ, ಯಾರದೋ ಕೈಯದು. ಯಾವ ರಾಡಿನ ಕ್ಯಾಪ್ ಅದೇ ರಾಡಿಗೇ ಹೋಗಬೇಕು, ಅದಲು ಬದಲಾಗಬಾರದು. ನನಗಿಂತ ಮುಂಚೆ ಇದನ್ನು ಬಿಚ್ಚಿದವರು ಅದಕ್ಕೇ ಗುರುತು ಹಾಕಿದ್ದಾರೆ. ಯಾರಿರಬಹುದು? ಆ ಜಾರಿದ ಚುಕ್ಕೆಯ ಮೇಲೆ ಉಗುರು ಆಡಿಸುತ್ತಾ ತುಂಬಾ ಹೊತ್ತು ಕೂತಿದ್ದೆ.

ರಿಂಗಿನ ತುದಿ ಅರದಲ್ಲಿ ಉಜ್ಜಿ ಕೆಳಗೆ 0.30 ಮಾಡಿಕೊಳ್ಳಬಹುದು. ಆಗ ಮೇಲೆ 0.50 ಆಗುತ್ತದೆ, ಗ್ಯಾಸ್ ಸ್ವಲ್ಪ ಸೋರುತ್ತದೆ. ಇಲ್ಲಾ ಬೋರಿಂಗ್ ಮಾಡಿಸಿ, ಅಂದರೆ ಬೋರನ್ನು ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ (ಸ್ವಲ್ಪ ದೊಡ್ಡ) ಪಿಸ್ಟನ್ ಹಾಕಬೇಕು. ನನಗೆ ಬೋರಿಂಗೇ ಸರಿ ಅನಿಸುತ್ತಿದೆ. ಆದರೆ ಇದು ಇಷ್ಟು ವರ್ಷ ಸಮುದ್ರದ ನೀರನ್ನೇ ನೇರವಾಗಿ ಎಳೆದುಕೊಂಡು ತಣ್ಣಗಾದ ಇಂಜಿನ್. ಒಳಗೆ ನೀರು ಹರಿಯುವ ಕಡೆಯಿಂದ ಉಪ್ಪು ಬೋರಿನ ಗೋಡೆಯನ್ನು ಎಷ್ಟು ತಿಂದಿದೆಯೋ. ಅದನ್ನು ನೋಡದೆ ಈ ಕಡೆಯಿಂದಲೂ ಕೊರೆಸಿದರೆ...