ಚೋಮನಿಗೆ ಸಿಗದ ಗದ್ದೆ, ಅಜ್ಜಿ ಕೊರೆದ ಹಲಸು

ಬಿಡದೆ ಸುರಿದ ಮಳೆಗೆ ಅಡಿಕೆಗೆ ಮದ್ದು ಬಿಡಲಾಗದೆ ಮೂರು ದಿನ ಮನೆಯೊಳಗೇ ಕೂತಿದ್ದೆ. ಕಾರಂತರ ‘ಚೋಮನ ದುಡಿ’ಯನ್ನು (1933) ಮತ್ತೆ ಓದಿದ್ದು ಆಗಲೇ. ಕಾಲೇಜಿನಲ್ಲಿದ್ದಾಗ ಚೋಮನಿಗಾಗಿ ಅತ್ತಿದ್ದೆ. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದವನು ಧಣಿ ಸಂಕಪ್ಪಯ್ಯ.

ಚೋಮನಿಗೆ ಬೇಕಾದ್ದು ಒಂದು ತುಂಡು ಗದ್ದೆ. ಮನೆಯಲ್ಲಿ ಎತ್ತುಗಳಿವೆ, ಮೈಯಲ್ಲಿ ಕಸುವಿದೆ. ಆದರೆ ಅವನ ಜಾತಿಯವರು ಸ್ವಂತ ಬೇಸಾಯ ಮಾಡುವುದು ಊರ ಕಟ್ಟಳೆಯಲ್ಲಿಲ್ಲ. ಧಣಿಯ ಮನಸ್ಸು ಒಂದಿಷ್ಟು ಕರಗುತ್ತದೆ, ತಾಯಿ ಒಪ್ಪುವುದಿಲ್ಲ, ಅಲ್ಲಿಗೆ ಮುಗಿಯಿತು. ಭೂಮಿಯೆಲ್ಲ ತನ್ನದೇ ಆಗಿರುವವನಿಗೂ ಅದರಲ್ಲೊಂದು ಮೂಲೆಯನ್ನು ಕೊಡುವ ಸ್ವಾತಂತ್ರ್ಯವಿಲ್ಲ! ಅಧಿಕಾರ ಅಂದರೆ ಏನೆಂದು ಯಾವ ಭಾಷಣವೂ ನನಗೆ ಇಷ್ಟು ಚೆನ್ನಾಗಿ ತಿಳಿಸಿಲ್ಲ. ಚೋಮನ ಸುಖವೆಲ್ಲ ಕೊನೆಗೆ ಉಳಿಯುವುದು ಆ ದುಡಿಯ ಸದ್ದಿನಲ್ಲಿ.

ನಿರಂಜನರ ‘ಚಿರಸ್ಮರಣೆ’ ನಮ್ಮ ಕಾಸರಗೋಡಿನದೇ ಕಥೆ. ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಕಾದಂಬರಿಯಲ್ಲಿ ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ಮಾಸ್ತರರ ಮಾತು ಕೇಳುತ್ತಾ ಕೇಳುತ್ತಾ ಧಣಿಗಳ ಹೆದರಿಕೆ ಬಿಡುತ್ತಾರೆ. ಗಲ್ಲಿನ ಪುಟಗಳಿಗಿಂತ ಈ ಪುಟಗಳೇ ನನಗೆ ಹೆಚ್ಚು ಇಷ್ಟ. ಕೈಗೆ ಇನ್ನೂ ಏನೂ ಬಂದಿಲ್ಲ, ಗೇಣಿ ಹಾಗೆಯೇ ಇದೆ, ಆದರೂ ಆ ಹುಡುಗರು ಸುಖವಾಗಿದ್ದಾರೆ.

ಇದನ್ನು ನಾನು ನಂಬುವುದು ಅಜ್ಜಿಯನ್ನು ನೋಡಿದ್ದರಿಂದ.

ನಮ್ಮದು ಬದಿಯಡ್ಕದ ಕಡೆ. ಅಜ್ಜ ಒಕ್ಕಲು. ವರ್ಷಕ್ಕಿಷ್ಟು ಮುಡಿ ಅಕ್ಕಿ ಗೇಣಿ. ಅದರ ಜೊತೆಗೆ ಕಾಗದದಲ್ಲಿಲ್ಲದ ಲೆಕ್ಕವೂ ಒಂದಿತ್ತು. ಬಾಳೆಯ ಮೊದಲ ಗೊನೆ, ಬಳ್ಳಿಯ ಮೊದಲ ಸೌತೆ, ಹಿತ್ತಲಿನ ಬಕ್ಕೆ ಹಲಸಿನ ಮೊದಲ ಹಣ್ಣು, ಎಲ್ಲವೂ ಧಣಿಗಳ ಮನೆಗೆ. ಅಜ್ಜಿ ಹಣ್ಣನ್ನು ತಲೆಯ ಮೇಲೆ ಹೊತ್ತು ಹೋಗಿ ಅವರ ಅಂಗಳದ ಕೆಳಗೆ ನಿಲ್ಲುತ್ತಿದ್ದರು. ಅಲ್ಲಿಂದ ಯಾರಾದರೂ “ಅಲ್ಲೇ ಇಡು” ಅನ್ನುವವರೆಗೂ ಇಳಿಸುವಂತಿಲ್ಲ.

1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ನಮ್ಮ ಹೆಸರಿಗೆ ಕಾಗದ ಆಗಿ ಬರಲು ಮತ್ತೂ ಕೆಲವು ವರ್ಷ ಹಿಡಿಯಿತು. ನಾನಾಗ ಎರಡನೇ ಕ್ಲಾಸು. ಅಜ್ಜ ಆ ಕಾಗದವನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟರು. ಅಜ್ಜಿ ಅದನ್ನು ಬಿಚ್ಚಿ ನೋಡಿದ್ದು ನನಗೆ ನೆನಪಿಲ್ಲ, ಓದಲು ಅವರಿಗೆ ಬರುತ್ತಲೂ ಇರಲಿಲ್ಲ.

ಆ ವರ್ಷ ಹಲಸು ಹಣ್ಣಾದಾಗ ಅಜ್ಜ ಅಭ್ಯಾಸಬಲದಿಂದ ಗೋಣಿ ತಂದರು. ಅಜ್ಜಿ ಮಾತಾಡಲಿಲ್ಲ. ಅಂಗಳದಲ್ಲಿ ಬಾಳೆಎಲೆ ಹಾಸಿ, ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಹಣ್ಣನ್ನು ಎರಡು ಹೋಳು ಮಾಡಿದರು. ಮೇಣ ಬಿಳಿಯಾಗಿ ಒಸರಿತು. ಯಾವಾಗಲೂ ಎಲ್ಲರಿಗೂ ಹಂಚಿ ಕೊನೆಗೆ ತಿನ್ನುವ ಹೆಂಗಸು ಅವರು. ಅವತ್ತು ಮೊದಲ ಸೊಳೆಯನ್ನು ತಾವೇ ಬಿಡಿಸಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಆಮೇಲೆ ನನ್ನ ಕಡೆ ತಿರುಗಿ, “ಸಿಹಿ ಉಂಟು ಮಗಾ, ಕೂತುಕೋ” ಅಂದರು.